ಚಂಡಿ ಸ್ವರ

ಆ ಬೇಸಿಗೆಯಲ್ಲಿ ನಾನು ಯಾವ ಮನೆಯ ಕದ ತಟ್ಟಿದರೂ, ತೆರೆದವರು ಮೊದಲು ನನ್ನನ್ನು ನೋಡಿ ಆಮೇಲೆ ನನ್ನ ಹೆಗಲಿನಾಚೆ ಕಣ್ಣು ಹಾಯಿಸುತ್ತಿದ್ದರು. ಮೇಡಂ ಹಿಂದೆ ಬರುತ್ತಿರಬೇಕು, ಚಪ್ಪಲಿ ಬಿಡಲು ತಡವಾಗಿರಬೇಕು ಎಂದು ಅವರ ಎಣಿಕೆ. ಬರುವುದಿಲ್ಲ, ತೀರಿಕೊಂಡರು ಎಂದು ನಾನೇ ಹೇಳಬೇಕಾಗುತ್ತಿತ್ತು. ಬಂಟ್ವಾಳದಲ್ಲಿ ಏಳು ಮನೆ, ಬೆಳ್ತಂಗಡಿಯಲ್ಲಿ ಐದು, ಮೂಡುಬಿದಿರೆಯಲ್ಲಿ ನಾಲ್ಕು. ಹದಿನಾರು ಸಲ ಅದೇ ಮಾತು. ಹತ್ತನೆಯ ಮನೆಯ ಹೊತ್ತಿಗೆ ನನಗೆ ಅಳು ಬರುವುದು ನಿಂತು ಸಿಟ್ಟು ಬರತೊಡಗಿತ್ತು. ಹೇಳದೆ ಕೇಳದೆ ಹೋದರಲ್ಲ ಎಂದು ಮೇಡಂ ಮೇಲೆಯೇ ಸಿಟ್ಟು.

ಮೇಡಂ ಸ್ಪೀಚ್ ಥೆರಪಿಸ್ಟ್ ಆಗಿದ್ದರು. ನಾನೂ ಅದೇ. ನಾವು ಮಾತು ಕಲಿಸುವವರು ಎಂದು ಎಲ್ಲರಿಗೂ ಗೊತ್ತು, ನುಂಗುವುದನ್ನೂ ಕಲಿಸುತ್ತೇವೆ ಎಂದು ತಿಳಿದವರು ಕಡಿಮೆ. ಪಾರ್ಶ್ವವಾಯು ಬಡಿದ ಕೆಲವರಿಗೆ ಗಂಟಲಿನ ಸ್ನಾಯು ಸೋತು, ತಿಂದದ್ದು ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳಿಯುತ್ತದೆ. ಅಂಥವರಿಗೆ ಮೂಗಿನಿಂದ ಹೊಟ್ಟೆಯವರೆಗೆ ನಳಿಗೆ ಇಟ್ಟು ಅದರಲ್ಲೇ ಆಹಾರ ಕೊಡುತ್ತಾರೆ. ಆ ನಳಿಗೆಯಿಂದ ಅವರನ್ನು ಮತ್ತೆ ಬಾಯಿಗೆ ತರುವುದು ನಮ್ಮ ಕೆಲಸ. ನಾನು ಹಾವೇರಿ ಕಡೆಯವಳು. ದೀಪಾವಳಿ ಕಳೆದ ಮೇಲೆ ಈ ಊರಿಗೆ ಬಂದು ಮೇಡಂ ಕೈಕೆಳಗೆ ಸೇರಿದೆ. ಏಪ್ರಿಲಿನಲ್ಲಿ ಅವರ ಹೃದಯ ನಿಂತಿತು. ನಮ್ಮಿಬ್ಬರ ಒಡನಾಟಕ್ಕೆ ಆರು ತಿಂಗಳೂ ತುಂಬಲಿಲ್ಲ.

ಮೇಡಂಗೆ ಒಂದು ಅಭ್ಯಾಸವಿತ್ತು. ರೋಗಿಗೆ ತಿನ್ನಿಸಿ ಮುಗಿದ ಮೇಲೆ ಅರ್ಧ ಗಂಟೆ ಆ ಮನೆಯಿಂದ ಕದಲುತ್ತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ಕಾಳುಮೆಣಸಿನ ಬಳ್ಳಿ, ಮಗಳಿಗೆ ಬಂದ ಸಂಬಂಧ, ಕರೆಂಟಿನ ಕಾಟ, ಏನಾದರೊಂದು ತೆಗೆದು ಮಾತಾಡಿಸುತ್ತಿದ್ದರು. ನಾನು ಗಡಿಯಾರ ನೋಡುತ್ತಾ ಒಳಗೊಳಗೇ ಕುದಿಯುತ್ತಿದ್ದೆ. ಒಂದು ಸಲ ತಡೆಯಲಾರದೆ, ಅಷ್ಟು ಹೊತ್ತಿನಲ್ಲಿ ಇನ್ನೊಂದು ಮನೆ ಮುಗಿಸಬಹುದಿತ್ತು ಎಂದೆ.

"ನಾನು ಪಟ್ಟಾಂಗ ಹೊಡೆಯುವುದಲ್ಲ ಮಾರಾಯ್ತಿ, ಕೇಳುವುದು," ಎಂದರು. "ಕೆಲವರಿಗೆ ತಪ್ಪು ದಾರಿಯಲ್ಲಿ ಹೋದರೂ ಕೆಮ್ಮು ಬರುವುದೇ ಇಲ್ಲ. ಸ್ವರ ಮಾತ್ರ ಹೇಳ್ತದೆ."

ಗಂಟಲಿನಲ್ಲಿ ಆಹಾರವೋ ನೀರೋ ನಿಂತರೆ ಮಾತಿನಲ್ಲಿ ಗೊರಗೊರ ಸೇರುತ್ತದೆ. ನಮ್ಮ ಪುಸ್ತಕದಲ್ಲಿ ಅದಕ್ಕೆ ಒದ್ದೆ ಧ್ವನಿ ಎಂದೇ ಹೆಸರು. ಪುಸ್ತಕದಲ್ಲಿ ಓದಿದ್ದು ನನಗೂ ಗೊತ್ತಿತ್ತು. ಅದಕ್ಕಾಗಿ ಅರ್ಧ ಗಂಟೆ ಕಾಯಬೇಕು ಎಂಬುದು ಮಾತ್ರ ತಲೆಗೆ ಹೋಗಿರಲಿಲ್ಲ.

ಮೇ ತಿಂಗಳಿನಲ್ಲಿ ಬಂದ ಹೊಸ ರೋಗಿ ಮೇಡಂ ನೋಡಿರದ ಮೊದಲನೆಯವರು. ಅರವತ್ತು ದಾಟಿದ ಬ್ಯಾರಿ ವ್ಯಾಪಾರಿ, ಬಂಟ್ವಾಳದಲ್ಲಿ ಬಟ್ಟೆ ಅಂಗಡಿ, ಮನೆ ಮಾಣಿ ಎಂಬ ಊರಿಗೆ ಹೋಗುವ ದಾರಿಯಲ್ಲಿ. ಮನೆಯಲ್ಲಿ ಹೆಂಡತಿ ಮತ್ತು ಶಾಲೆಯಲ್ಲಿ ಪಾಠ ಹೇಳುವ ಸೊಸೆ, ಮಗ ದುಬೈಯಲ್ಲಿ. ಯಜಮಾನರಿಗೆ ಮಾತು ಸ್ವಲ್ಪ ತೊದಲುತ್ತಿತ್ತು, ಬುದ್ಧಿ ಚುರುಕಾಗಿಯೇ ಇತ್ತು. ಮೊದಲ ದಿನವೇ ಮೂಗಿನ ನಳಿಗೆ ಮುಟ್ಟಿ ತೋರಿಸಿ, ತನಗೆ ಬಿರಿಯಾನಿ ಬೇಡ, ಏನೂ ಬೇಡ, ಒಂದು ಲೋಟ ನೀರು ತಾನೇ ಎತ್ತಿ ಕುಡಿಯಬೇಕು ಎಂದರು. ನೋಡಲು ಬಂದವರೆಲ್ಲ ಎದುರಿಗೇ ಶರಬತ್ತು ಕುಡಿದು ಹೋಗುತ್ತಾರೆ, ನಾನು ಹಸಿದ ಬೆಕ್ಕಿನ ಹಾಗೆ ನೋಡುತ್ತಾ ಕೂರುತ್ತೇನೆ ಎಂದು ನಕ್ಕರು. ನೀರಿಗೆ ನಗುತ್ತಾ ಆಸೆಪಟ್ಟವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅದೇ ಹೊತ್ತಿಗೆ ಅವರ ಹೆಂಡತಿ ಒಳಗಿನಿಂದ ಗಂಜಿ ತಿಳಿ ತಂದರು. ಕಾಯಿಲೆಯವರಿಗೆ ತೆಳ್ಳಗಿನದ್ದು ಹಗುರ ಎಂಬ ಲೆಕ್ಕ. ಗಂಟಲು ಸೋತವರಿಗೆ ತೆಳ್ಳಗಿನದ್ದೇ ಎಲ್ಲಕ್ಕಿಂತ ಅಪಾಯ, ಅದು ಓಡುತ್ತದೆ, ದಪ್ಪಗಿನದ್ದು ಕಾಯುತ್ತದೆ ಎಂದು ವಿವರಿಸಿದೆ. ಆಕೆಗೆ ಕನ್ನಡ ಅಷ್ಟಕ್ಕಷ್ಟೆ, ತುಳು ಬೆರೆತದ್ದು. ನನಗೆ ತುಳುವೂ ಇಲ್ಲ, ಅವರ ಮನೆಮಾತು ಬ್ಯಾರಿಯೂ ಇಲ್ಲ. ಹಾಗಾಗಿ ಸೊಸೆಯನ್ನು ಕರೆದು, ಅವರ ಕೈಗೆ ತಖ್ತೆಯ ಹಾಳೆ ಕೊಟ್ಟು, ಹೊತ್ತು ಹೊತ್ತಿಗೆ ಏನು ಕೊಟ್ಟಿರಿ, ಕೆಮ್ಮು ಬಂತೇ, ಧ್ವನಿ ಒದ್ದೆಯಾಯಿತೇ ಎಂದು ಬರೆಯಲು ಹೇಳಿದೆ. ಅತ್ತೆ ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದರು. ಧ್ವನಿಯ ವಿಷಯ ಆಕೆಗೂ ಒಂದು ಮಾತು ಹೇಳಬೇಕೆಂದು ನನಗೆ ತೋಚಲಿಲ್ಲ.

ಕೆಲಸ ಚೆನ್ನಾಗಿಯೇ ಸಾಗಿತು. ನಾಲಿಗೆ ಅಂಗುಳಕ್ಕೆ ಒತ್ತುವ ವ್ಯಾಯಾಮ, ಗಲ್ಲ ಎದೆಗೆ ತಾಗಿಸಿ ಬಲವಾಗಿ ನುಂಗುವ ಅಭ್ಯಾಸ, ಮೂರು ಹೊತ್ತು ಬಾಯಿ ತೊಳೆಸುವುದು. ನನ್ನ ಎರಡು ಬೆರಳು ಅವರ ಗಂಟಲ ಮೇಲೆ. ನುಂಗುವಾಗ ಗಂಟಲಗಂಟು ಮೇಲೇರುವುದು ವಾರದಿಂದ ವಾರಕ್ಕೆ ಚುರುಕಾಯಿತು. ಗಟ್ಟಿಯಾಗಿ ಕಾಸಿದ ರಾಗಿ ಮಣ್ಣಿ ಅರ್ಧ ಚಮಚದಿಂದ ಒಂದು ಬಟ್ಟಲಿಗೆ ಬಂತು. ಜೂನ್ ಮೊದಲ ವಾರ ವೈದ್ಯರು ನಳಿಗೆ ತೆಗೆದರು. ಆ ಸಂಜೆ ಮೂಡುಬಿದಿರೆಯ ಬಾಡಿಗೆ ಕೋಣೆಗೆ ಬಂದು ಫೋನು ಕೈಗೆತ್ತಿಕೊಂಡೆ, ಮೇಡಂ ಹೆಸರಿನವರೆಗೆ ಬೆರಳು ಹೋಗಿ ನಿಂತಿತು. ದಿನವಿಡೀ ಬೇರೆಯವರ ಗಂಟಲಿಗೆ ಕಿವಿ ಕೊಟ್ಟು ಬಂದರೆ, ಸಂಜೆ ನನ್ನ ಗಂಟಲಿಗೆ ಕೆಲಸವೇ ಇರುತ್ತಿರಲಿಲ್ಲ. ಮೆಸ್ಸಿನಲ್ಲಿ ಊಟ ತಂದಿಟ್ಟವನಿಗೆ ಸಾಕು ಎನ್ನುವುದೇ ಕೆಲವು ದಿನಗಳ ಕೊನೆಯ ಮಾತು.

ಮುಂದಿನ ಸೋಮವಾರ ನಾನು ಒಂದು ಮೆಟ್ಟಿಲು ಮುಂದೆ ಹೋದೆ. ಮಣ್ಣಿಯಿಂದ ಪಾಯಸದ ಹದಕ್ಕೆ ಇಳಿಸಿದೆ. ಆರು ಚಮಚ ಕೊಟ್ಟೆ, ಕೆಮ್ಮಿಲ್ಲ. ಪ್ರತಿ ಸಲವೂ "ಆ" ಎಂದು ಹೇಳಿಸಿದೆ, ಸ್ವರ ತಿಳಿಯಾಗಿತ್ತು. ಹೊರಗೆ ಮಳೆ ಶುರುವಾಗಿತ್ತು, ಬಸ್ಸು ತಪ್ಪಿದರೆ ಮುಂದಿನದ್ದು ತಾಸಿಗೆ. ಅರ್ಧ ಗಂಟೆ ಕೂರಲಿಲ್ಲ. ಹತ್ತು ನಿಮಿಷಕ್ಕೇ ಎದ್ದು ಬಂದೆ. ಸೊಸೆಗೆ ಮಾತ್ರ, ಇನ್ನು ಇದೇ ಹದ, ಅತ್ತೆಯವರಿಗೂ ತಿಳಿಸಿ ಎಂದು ಹೇಳಿದೆ.

ಮಂಗಳವಾರ ಬೆಳ್ತಂಗಡಿಯ ಸರದಿ. ಹನ್ನೊಂದು ಗಂಟೆಯ ಹೊತ್ತಿಗೆ ಫೋನು ಬಂತು. ಸೊಸೆ ಶಾಲೆಗೆ ಹೋಗಿದ್ದರು, ಮಾತಾಡಿದ್ದು ಅತ್ತೆ. ಆಕೆ ನನಗೆ ಫೋನು ಮಾಡಿದ್ದು ಅದೇ ಮೊದಲು.

"ಮೇಡಂ, ನಿನ್ನೆಯಿಂದ ಇವರು ಮಾತಾಡುವುದು ಚಂಡಿ ಚಂಡಿ ಉಂಟು. ಊಟ ಕೊಡುವುದಾ, ಬೇಡವಾ?"

ನನ್ನ ಊರಿನಲ್ಲಿ ಚಂಡಿ ಎಂದರೆ ಹಟ. ಮಕ್ಕಳು ಚಂಡಿ ಹಿಡಿಯುತ್ತವೆ, ಎತ್ತು ಚಂಡಿ ಹಿಡಿಯುತ್ತದೆ, ನನ್ನ ಅಜ್ಜಿಯ ಪ್ರಕಾರ ನಾನು ಹುಟ್ಟುತ್ತಲೇ ಚಂಡಿ ಹಿಡಿದವಳು. ನೀರಿಗಾಗಿ ಯಜಮಾನರು ರಚ್ಚೆ ಹಿಡಿದಿರಬೇಕು, ಹೆಂಡತಿಯ ಜೊತೆ ಮೊಂಡು ಮಾತಾಡುತ್ತಿರಬೇಕು ಎಂದುಕೊಂಡೆ. ನನಗೆ ನಗುವೂ ಬಂತು. ಅದೇನೂ ದೊಡ್ಡದಲ್ಲ, ಸ್ವಲ್ಪ ಪುಸಲಾಯಿಸಿ, ನಿಧಾನವಾಗಿ ತಿನ್ನಿಸಿ, ಬಿಡಬೇಡಿ ಎಂದೆ. ಆಯಿತು ಮೇಡಂ ಎಂದು ಆಕೆ ಫೋನು ಇಟ್ಟರು.

ಎರಡು ಗಂಟೆಗೆ ಊಟದ ಡಬ್ಬಿ ಹಿಡಿದು ಅಲ್ಲಿನ ಕ್ಲಿನಿಕ್ಕಿನ ಜಗಲಿಗೆ ಬಂದೆ. ರಾತ್ರಿಯ ಮಳೆಗೆ ಎರಚಲು ಹೊಡೆದು ಬೆಂಚು ನೆನೆದಿತ್ತು. ಮಗುವನ್ನು ಕರೆತಂದಿದ್ದ ತಾಯಿಯೊಬ್ಬರು, ಅಲ್ಲಿ ಕೂರಬೇಡಿ ಮೇಡಂ, ಚಂಡಿ ಉಂಟು ಎಂದರು.

"ಚಂಡಿ ಅಂದ್ರ?" ಎಂದೆ.

"ಒದ್ದೆ ಮೇಡಂ. ನೀರು."

ಆ ಊರಿನ ಮಳೆಗಾಲ ನಾನು ಅದುವರೆಗೆ ನೋಡಿರಲಿಲ್ಲ. ನವೆಂಬರಿನಿಂದ ಮೇ ತಿಂಗಳವರೆಗೆ ಯಾರ ಬಟ್ಟೆಯೂ ಯಾರ ಬೆಂಚೂ ಚಂಡಿಯಾಗಿರಲಿಲ್ಲ, ಆ ಪದ ನನ್ನ ಕಿವಿಗೆ ಬೀಳುವ ಸಂದರ್ಭವೇ ಬಂದಿರಲಿಲ್ಲ. ಪುಸ್ತಕದಲ್ಲಿ ಒದ್ದೆ ಧ್ವನಿ ಎಂದು ಓದಿದ್ದನ್ನು ಅಡುಗೆಮನೆಯ ಹೆಂಗಸೊಬ್ಬರು ತಾವೇ ಕಂಡುಹಿಡಿದು, ತಮ್ಮ ಮಾತಿನಲ್ಲಿ ನನಗೆ ಫೋನು ಮಾಡಿ ಹೇಳಿದ್ದರು. ನಾನು ಇನ್ನಷ್ಟು ತಿನ್ನಿಸಿ ಎಂದಿದ್ದೆ.

ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಸೊಸೆಯ ಫೋನು ಸ್ವಿಚ್ ಆಫ್ ಆಗಿತ್ತು. ಏನನ್ನೂ ಕೊಡಬೇಡಿ, ನೆಟ್ಟಗೆ ಕೂರಿಸಿ ಎಂದು ಸಂದೇಶ ಕಳಿಸಿ, ಕಾಯುತ್ತಿದ್ದ ಮೂವರಲ್ಲಿ ಕ್ಷಮೆ ಕೇಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನಿಂತೇ ಇದ್ದೆ, ಸೀಟು ಖಾಲಿಯಾದರೂ ಕೂರಲಾಗಲಿಲ್ಲ. ಯಾರನ್ನು ಕೇಳುವುದು ಎಂದು ತಲೆಯಲ್ಲಿ ಒಂದೇ ಪ್ರಶ್ನೆ. ಈ ಊರಿನ ಯಾವ ಪದ ತಿಳಿಯದಿದ್ದರೂ ಪಕ್ಕಕ್ಕೆ ತಿರುಗಿ ಕೇಳುವ ಚಾಳಿ ನನಗಿತ್ತು, ಮೇಡಂ ಬೀಡಾ ಅಗಿಯುತ್ತಲೇ ಅರ್ಥ ಹೇಳುತ್ತಿದ್ದರು. ಅವರು ಹೋದ ಮೇಲೆ ನಾನು ತಿಳಿಯದ್ದನ್ನು ಕೇಳುವುದನ್ನೇ ಬಿಟ್ಟು, ತಿಳಿದ ಹಾಗೆ ನಡೆದುಕೊಳ್ಳಲು ಕಲಿತಿದ್ದೆ.

ಮನೆ ಮುಟ್ಟಿದಾಗ ನಾಲ್ಕೂಕಾಲು. ನಾಲ್ಕು ಗಂಟೆಯ ಪಾಯಸ ಮೇಜಿನ ಮೇಲೆ ತಟ್ಟೆ ಮುಚ್ಚಿಕೊಂಡು ಕೂತಿತ್ತು. ಆಕೆ ಕೊಟ್ಟಿರಲಿಲ್ಲ. ಮಧ್ಯಾಹ್ನದ್ದು ಕೊಟ್ಟಿದ್ದರು.

"ನೀವು ಹೇಳಿದ್ದಕ್ಕೆ ಕೊಟ್ಟೆ ಮೇಡಂ. ಮತ್ತೆ ನನಗೆ ಧೈರ್ಯ ಬರಲಿಲ್ಲ," ಎಂದರು.

ಯಜಮಾನರು ನನ್ನನ್ನು ಕಂಡು ಬನ್ನಿ ಎಂದರು. ಆ ಒಂದು ಪದ ಸಾಕಾಯಿತು, ತಳದಲ್ಲಿ ನೀರು ಕುದಿಯುವ ಹಾಗೆ ಗೊರಗುಟ್ಟುತ್ತಿತ್ತು. ಮೈ ಬೆಚ್ಚಗಿತ್ತು, ಉಸಿರು ಚಿಕ್ಕದಾಗಿತ್ತು. ಸಂಜೆಯೊಳಗೆ ಆಸ್ಪತ್ರೆಗೆ ಸೇರಿಸಿದೆವು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಮಸುಕಾಗಿತ್ತು. ನಳಿಗೆ ಮತ್ತೆ ಮೂಗಿಗೆ ಬಂತು. ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಸಲ ಹೀಗಾದರೆ ಬಾಯಿಯ ಆಸೆ ಬಿಟ್ಟು ಹೊಟ್ಟೆಗೇ ಖಾಯಂ ನಳಿಗೆ ಇಡುವುದು ಎಂದರು.

ಅವರು ಆಸ್ಪತ್ರೆಯಲ್ಲಿದ್ದದ್ದು ಹನ್ನೊಂದು ದಿನ. ನನಗೆ ಎರಡು ದಾರಿಗಳಿದ್ದವು. ಇಂಥ ರೋಗಿಗಳಲ್ಲಿ ಹೀಗಾಗುವುದುಂಟು ಎಂದರೆ ಮುಗಿಯುತ್ತಿತ್ತು, ಅದು ಸುಳ್ಳೂ ಅಲ್ಲ. ಫೋನಿನಲ್ಲಿ ಆದ ಮಾತು ನನಗೂ ಆಕೆಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಆಕೆಗೂ ನಾನು ತಪ್ಪು ತಿಳಿದೆನೆಂದು ಗೊತ್ತಿಲ್ಲ. ನಾನು ಹೇಳಿದ್ದಕ್ಕೆ ತಾನು ಕೊಟ್ಟೆ ಎಂದಷ್ಟೇ ಆಕೆಗೆ ತಿಳಿದದ್ದು. ಮೂರನೆಯ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದಾಗ ಅಳದಂಗಡಿಯ ಒಂದು ಮನೆ ನೆನಪಾಯಿತು.

ನಾನು ಸೇರಿದ ಹೊಸದರಲ್ಲಿ ಮೇಡಂ ಅಲ್ಲಿನ ರೈತರೊಬ್ಬರಿಗೆ ಮೂರು ವಾರ ಒಂದು ವ್ಯಾಯಾಮ ಮಾಡಿಸಿದ್ದರು. ನಾಲ್ಕನೆಯ ವಾರ, ಅದು ಅವರ ತೊಂದರೆಗೆ ಹೇಳಿದ ವ್ಯಾಯಾಮವಲ್ಲ ಎಂದು ಅವರಿಗೇ ಹೊಳೆಯಿತು. ಮನೆಯವರನ್ನೆಲ್ಲ ಚಾವಡಿಗೆ ಕರೆದು, ನಾನು ತಪ್ಪು ಮಾಡಿದೆ, ನಿಮ್ಮ ಮೂರು ವಾರ ಹಾಳಾಯಿತು ಎಂದು ತುಳುವಿನಲ್ಲೂ ಕನ್ನಡದಲ್ಲೂ ಹೇಳಿ, ಕೈ ಮುಗಿದು ಕೂತರು. ನಾನು ನಾಚಿ ನೆಲ ನೋಡುತ್ತಿದ್ದೆ. ಹಿಂದಿರುಗುವಾಗ ಬಸ್ಸಿನಲ್ಲಿ, ಸುಮ್ಮನೆ ವ್ಯಾಯಾಮ ಬದಲಿಸಿದ್ದರೆ ಸಾಕಿತ್ತಲ್ಲ ಎಂದು ಕೇಳಿದ್ದೆ.

"ಬದಲಿಸಬಹುದಿತ್ತು," ಎಂದಿದ್ದರು ಮೇಡಂ. "ಮತ್ತೆ ಅವರು ನನ್ನ ಹತ್ತಿರ ಏನನ್ನಾದರೂ ಯಾಕೆ ಹೇಳ್ಬೇಕು? ನಾನು ಮುಚ್ಚಿಟ್ರೆ ಅವರೂ ಮುಚ್ಚಿಡ್ತಾರೆ. ನಾವು ಬದುಕುವುದೇ ಅವರು ಹೇಳುವುದರ ಮೇಲೆ."

ನಾನು ಎದ್ದು ಹೋಗಿ ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿ ಹೇಳಿದೆ. ಸೋಮವಾರ ಅರ್ಧ ಗಂಟೆ ಕೂರದೆ ಹೋದದ್ದು, ಚಂಡಿ ಎಂಬುದನ್ನು ಹಟ ಎಂದು ತಿಳಿದದ್ದು, ನಗು ಬಂದದ್ದು, ಎಲ್ಲವನ್ನೂ ಹೇಳಿದೆ. ತಪ್ಪಾದರೆ ನಾವೇ ಹೇಳಬೇಕೆಂದು ನನ್ನ ಮೇಡಂ ಕಲಿಸಿದ್ದಾರೆ, ಅದಕ್ಕೆ ಹೇಳುತ್ತಿದ್ದೇನೆ ಎಂದೆ. ಸೊಸೆ ಅದನ್ನು ಬ್ಯಾರಿಯಲ್ಲಿ ಅತ್ತೆಗೆ ಹೇಳಿದರು. ವಿಡಿಯೋ ಕರೆಯಲ್ಲಿದ್ದ ಮಗ ಸಿಟ್ಟಾದರು, ಮಂಗಳೂರಿನಿಂದ ಬೇರೆಯವರನ್ನು ಕರೆಸಿ ಎಂದರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ. ಯಾರು ಒಳ್ಳೆಯವರು ಎಂದು ಎರಡು ಹೆಸರು ಬರೆದುಕೊಟ್ಟೆ.

ಅತ್ತೆ ಆ ಚೀಟಿ ತೆಗೆದುಕೊಳ್ಳಲಿಲ್ಲ. ಮಗನಿಗೆ ಏನೋ ಹೇಳಿ ಫೋನು ಸೊಸೆಯ ಕೈಗೆ ಕೊಟ್ಟು, ನನ್ನ ಕಡೆ ತಿರುಗಿದರು.

"ನೀವೇ ಬನ್ನಿ. ಇನ್ನು ನನ್ನ ಹತ್ತಿರ ಕೇಳಿ ಮಾಡಿ."

ಹಾಗೇ ಮಾಡಿದೆ. ಮೊದಲು ಹಟ ಹಿಡಿದು ಮಂಗಳೂರಿಗೆ ಕರೆದುಕೊಂಡು ಹೋಗಿ, ಎಕ್ಸ್‌ರೇ ಅಡಿಯಲ್ಲಿ ನುಂಗಿಸಿ ನೋಡುವ ಪರೀಕ್ಷೆ ಮಾಡಿಸಿದೆ. ಪರದೆಯ ಮೇಲೆ ಕಣ್ಣಾರೆ ಕಂಡಿತು. ತೆಳ್ಳಗಿನದ್ದು ಒಂದು ಎಳೆಯಷ್ಟು ಶ್ವಾಸನಾಳಕ್ಕೆ ಜಾರುತ್ತಿತ್ತು, ಅವರು ಕೆಮ್ಮುತ್ತಲೇ ಇರಲಿಲ್ಲ. ಗಲ್ಲ ಪೂರ್ತಿ ತಗ್ಗಿಸಿದಾಗ ಮಾತ್ರ ದಾರಿ ಮುಚ್ಚುತ್ತಿತ್ತು. ಕೆಮ್ಮು ನಂಬುವ ಹಾಗಿಲ್ಲ ಎಂದ ಮೇಲೆ ಉಳಿದದ್ದು ಸ್ವರ, ಸ್ವರಕ್ಕೆ ಬೇಕಾದದ್ದು ಅದನ್ನು ಬಲ್ಲ ಕಿವಿ. ನಾನು ಅವರ ಸ್ವರ ಕೇಳಿದ್ದು ಎರಡು ತಿಂಗಳು, ಅದೂ ಕೆಟ್ಟ ಮೇಲೆ. ಆಕೆ ಕೇಳಿದ್ದು ನಲವತ್ತು ವರ್ಷ.

ತಖ್ತೆಯನ್ನು ಹರಿದು ಹಾಕಿ ಆಕೆಯ ಎದುರು ಚಾಪೆಯ ಮೇಲೆ ಕೂತೆ. ಸ್ವರ ಹೇಗೆ ಹೇಗೆ ಇರುತ್ತದೆ, ನೀವೇ ಹೆಸರು ಹೇಳಿ ಎಂದೆ. ಆಕೆ ಯೋಚಿಸಿ ಮೂರು ಹೇಳಿದರು. ಒಣಗಿದ್ದು, ಚಂಡಿ, ಇವೆರಡರ ನಡುವೆ ಬೆವರಿದ್ದು. ಈ ಮೂರನೆಯದು ಯಾವ ಪುಸ್ತಕದಲ್ಲೂ ಇರಲಿಲ್ಲ. ಬೆವರಿದ್ದು ಎಂದು ಆಕೆ ಹೇಳಿದ ದಿನಗಳಲ್ಲಿ ನಾನು ಕತ್ತಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರೂ ನನಗೆ ಏನೂ ತಿಳಿಯುತ್ತಿರಲಿಲ್ಲ. ಆದರೆ ಅಂಥ ದಿನ ಮುಂದೆ ಹೋಗದೆ ನಿಲ್ಲಿಸಿದರೆ ಮರುದಿನ ಸರಿಯಿರುತ್ತಿತ್ತು. ಎರಡು ಸಲ ನೋಡಿದ ಮೇಲೆ ನಾನು ವಾದಿಸುವುದನ್ನು ಬಿಟ್ಟೆ. ನನ್ನಂಥ ಮೊಂಡಿಗೆ ಅದು ಸಣ್ಣ ವಿಷಯವಲ್ಲ.

ಜುಲೈ ಪೂರ್ತಿ ಮಣ್ಣಿಯಲ್ಲೇ ಕಳೆಯಿತು. ಯಜಮಾನರು ಎರಡು ಸಲ ನಿಜವಾಗಿಯೂ ಹಟ ಮಾಡಿದರು, ಒಮ್ಮೆ ಬಟ್ಟಲು ತಳ್ಳಿ ಬೀಳಿಸಿದರು. ಇದು ನಿಮ್ಮೂರಿನ ಚಂಡಿ ಮೇಡಂ ಎಂದು ಆಕೆ ನನ್ನನ್ನು ತಮಾಷೆ ಮಾಡಿದರು. ಪ್ರತಿ ಸಲ ತಿನ್ನಿಸಿದ ಮೇಲೆ ಅರ್ಧ ಗಂಟೆ ಕೂತೆ. ನನಗೆ ಪಟ್ಟಾಂಗ ಬಾರದು, ಏನು ಮಾತಾಡುವುದೆಂದೇ ತಿಳಿಯುತ್ತಿರಲಿಲ್ಲ. ಯಜಮಾನರೇ ಪಾಪ ಎಂದು ಅಂಗಡಿಗೆ ಬಂದ ಮದುವೆ ಗಿರಾಕಿಗಳ ಕಥೆ ಹೇಳುತ್ತಿದ್ದರು, ನಾವಿಬ್ಬರು ಹೆಂಗಸರು ಕಥೆ ಬಿಟ್ಟು ಸ್ವರ ಕೇಳುತ್ತಿದ್ದೆವು. ನಳಿಗೆ ಮತ್ತೆ ಹೊರಗೆ ಬಂತು. ಪಾಯಸದ ಹದ ದಾಟಿದೆವು, ಮಜ್ಜಿಗೆಯ ಹದ ದಾಟಿದೆವು.

ಆಗಸ್ಟಿನ ಒಂದು ಗುರುವಾರ ನೀರಿಗೆ ಬಂದೆವು. ಬಾಯಿ ಚೆನ್ನಾಗಿ ತೊಳೆಸಿ, ಬೆನ್ನು ನೆಟ್ಟಗಿಟ್ಟು, ಗಲ್ಲ ತಗ್ಗಿಸಿ, ಒಂದು ಚಮಚ. ನನ್ನ ಬೆರಳ ಕೆಳಗೆ ಗಂಟಲಗಂಟು ಏರಿ ಇಳಿಯಿತು. ಮಾತಾಡಿಸಿದೆ. ನನಗೆ ಒಣಗಿದ್ದೇ ಕೇಳಿಸಿತು. ಐದು ಚಮಚ ಹೀಗೇ ಆದವು. ಬೆರಳಿಗೆ ಸಿಕ್ಕಿಸಿದ್ದ ಆಮ್ಲಜನಕದ ಯಂತ್ರದಲ್ಲೂ ಅಂಕಿ ಅಲುಗಾಡಲಿಲ್ಲ. ಲೋಟ ಅವರ ಕೈಗೆ ಕೊಡಲು ಎತ್ತಿದೆ. ಬಾಗಿಲಿನಲ್ಲಿದ್ದ ಆಕೆ ಅಂಗೈ ಎತ್ತಿ ತಡೆದರು.

ಬೆವರಿದೆ ಎಂದರು. ಯಜಮಾನರ ಕಣ್ಣು ಲೋಟದ ಮೇಲೆ. ಮೂರು ತಿಂಗಳಿಂದ ಆಸೆಪಟ್ಟ ನೀರು, ಒಂದು ಗೇಣು ದೂರ. ಲೋಟ ಕೆಳಗಿಟ್ಟೆ. ಅವರಿಗೆ ಬರಿಬಾಯಲ್ಲಿ ಒಮ್ಮೆ ನುಂಗಲು ಹೇಳಿ, ಗಂಟಲು ಸರಿಪಡಿಸಿಕೊಳ್ಳಲು ಹೇಳಿ, ಕಾದೆವು. ಮಳೆ ಬಂದು ಹೋಯಿತು. ಯಾರೂ ಕಥೆ ಹೇಳಲಿಲ್ಲ. ಇಪ್ಪತ್ತು ನಿಮಿಷವಾದ ಮೇಲೆ ಅವರು ಹೆಂಡತಿಗೆ ಬ್ಯಾರಿಯಲ್ಲಿ ಏನೋ ಕೇಳಿದರು, ಬಹುಶಃ ಇನ್ನೆಷ್ಟು ಹೊತ್ತು ಎಂದು. ಆಕೆ ತಲೆ ಓರೆ ಮಾಡಿ ಕೇಳಿ, ಈಗ ಕೊಡಿ ಎಂದರು.

ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಗಲ್ಲ ತಗ್ಗಿಸಿ, ಸಣ್ಣ ಸಣ್ಣ ಗುಟುಕಾಗಿ ಕುಡಿದರು. ಅರ್ಧ ಲೋಟ ಮುಗಿಯಲು ಕಾಲು ಗಂಟೆ ಹಿಡಿಯಿತು. ಕೊನೆಗೆ ಲೋಟ ಇಟ್ಟು ದೇವರ ಹೆಸರು ಹೇಳಿದರು. ಆ ಸ್ವರ ನನಗೂ ಸ್ಪಷ್ಟವಾಗಿ ಕೇಳಿಸಿತು. ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು. ನಾನು ಅರ್ಧ ಗಂಟೆ ಕೂತೆ.

ಇದು ನಡೆದು ಎರಡು ವರ್ಷವಾಯಿತು. ಈಗ ಹೊಸ ಮನೆಗೆ ಹೋದರೆ ಮೊದಲು ಸ್ವರಗಳಿಗೆ ಆ ಮನೆಯವರಿಂದಲೇ ಹೆಸರು ಕೇಳಿಕೊಳ್ಳುತ್ತೇನೆ. ಮೇಡಂ ನನಗೆ ವಿದ್ಯೆ ಕಲಿಸಿದ್ದು ಕಡಿಮೆ, ಅದು ಕಾಲೇಜಿನಲ್ಲಿ ಆಗಿತ್ತು. ಸುಮ್ಮನೆ ಕೂರುವುದನ್ನೂ ತಪ್ಪಾಯಿತು ಎಂದು ಹೇಳುವುದನ್ನೂ ಕಲಿಸಿದರು. ಅವೆರಡೂ ಇಲ್ಲದಿದ್ದರೆ ಒಬ್ಬ ಮನುಷ್ಯನಿಗೆ ಈ ಜನ್ಮದಲ್ಲಿ ನೀರಿಲ್ಲದಂತೆ ಮಾಡಿ, ಬೇರೆ ಊರಿಗೆ ಹೋಗಿ ಕೆಲಸ ಮಾಡಿಕೊಂಡಿರುತ್ತಿದ್ದೆ. ಅವರಿದ್ದಾಗ ಒಂದು ದಿನವೂ ಇದನ್ನು ಅವರಿಗೆ ಹೇಳಲಿಲ್ಲ, ಗಡಿಯಾರ ನೋಡಿದೆ ಅಷ್ಟೆ.

ಆ ಗುರುವಾರ ಹೊರಡುವಾಗ ಆಕೆ ಅಂಗಳದವರೆಗೆ ಕೊಡೆ ಹಿಡಿದು ಬಂದರು. ಆಸ್ಪತ್ರೆಯಲ್ಲಿ ನಾನು ಹೇಳಿದ ಮಾತನ್ನು ನೆನಪಿಟ್ಟುಕೊಂಡಿದ್ದರು. ಮೇಡಂ ಇಲ್ಲ ಎಂಬುದನ್ನು ನಾನು ಆ ಮನೆಯಲ್ಲಿ ಹೇಳಿರಲಿಲ್ಲ, ಹೇಳುವ ಅಗತ್ಯ ಬಿದ್ದಿರಲಿಲ್ಲ.

"ನಿಮ್ಮ ಮೇಡಮಿಗೆ ಹೇಳಿ," ಎಂದರು. "ಇವರು ನೀರು ಕುಡಿದ್ರು ಅಂತ ಹೇಳಿ."

"ಹೇಳ್ತೇನೆ," ಎಂದೆ.

ಮಾಣಿ ರಸ್ತೆಯ ಬಸ್ ಸ್ಟಾಪಿನಲ್ಲಿ ನಿಂತು ಹೇಳಿದೆ. ಜೋರಾಗಿಯೇ ಹೇಳಿದೆ. ಪಕ್ಕದಲ್ಲಿದ್ದವರು ನಾನು ಫೋನಿನಲ್ಲಿದ್ದೇನೆ ಎಂದುಕೊಂಡು ಸ್ವಲ್ಪ ಆಚೆ ಸರಿದು ನಿಂತರು.